ಬೈಬಲ್ಲಿನೊಳಗಿನ ಕೆಂಪು ದಾರ

ನಮ್ಮಪ್ಪ ಕ್ಷಮಿಸುವುದನ್ನು ಒಮ್ಮೆ ಕಣ್ಣಾರೆ ನೋಡಿದವರು, ಇದಕ್ಕಿಂತ ಎರಡೇಟು ಹಾಕಿಬಿಟ್ಟಿದ್ದರೇ ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದರು. ಏಟಾದರೆ ಆ ದಿನಕ್ಕೆ ಮುಗಿಯುತ್ತದೆ. ಅಪ್ಪನ ಕ್ಷಮೆ ಮುಗಿಯುತ್ತಲೇ ಇರಲಿಲ್ಲ. ವರ್ಷಕ್ಕೊಮ್ಮೆ, ಈಸ್ಟರ್ ಹಬ್ಬದ ಬೆಳಗ್ಗೆ, ನಡುಮನೆಯ ಕುರ್ಚಿಯ ಮೇಲೆ ಕುಳಿತು ಆತ ಅದೇ ತಪ್ಪಿಗೆ ಅದೇ ಹೆಂಗಸನ್ನು ಮತ್ತೆ ಕ್ಷಮಿಸುತ್ತಿದ್ದ. ಆ ಹೆಂಗಸು ಅವನ ತಂಗಿ, ನನ್ನ ಸೋದರತ್ತೆ ರೂತ. ತಪ್ಪು ನಡೆದದ್ದು ನನ್ನ ಸಲುವಾಗಿ. ಕ್ರಿಸ್ತ ಸಮಾಧಿಯಿಂದ ಎದ್ದು ಬಂದ ದಿನವೆಂದು ಲೋಕವೆಲ್ಲ ಹಾಡುವಾಗ ನಮ್ಮ ಮನೆಯಲ್ಲಿ ರೂತತ್ತೆ ತಲೆ ತಗ್ಗಿಸಿ ನಿಂತಿರುತ್ತಿದ್ದಳು. ನಾನು ಬೆಳೆದದ್ದು ಅದನ್ನು ನೋಡುತ್ತ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲರೂ ನೇಕಾರರು. ನಾವೂ ನೇಕಾರರೇ, ಆದರೆ ಕ್ರೈಸ್ತರು. ಮುಂದಿನ ಪಡಸಾಲೆಯಲ್ಲಿ ನೆಲ ತೋಡಿ ಕೂರಿಸಿದ ಎರಡು ಕುಣಿಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ರೂತತ್ತೆ. ಅಡುಗೆಮನೆ ಎಷ್ಟು ಇಕ್ಕಟ್ಟೆಂದರೆ ಅವ್ವ ರೊಟ್ಟಿ ಬಡಿಯುವಾಗ ಉಳಿದವರೆಲ್ಲ ಹೊರಗೆ ಕೂರಬೇಕು. ಇವೆರಡರ ನಡುವೆ ನಡುಮನೆ, ಅಲ್ಲಿ ಆ ಕುರ್ಚಿ, ಕುರ್ಚಿಯ ಪಕ್ಕದ ಗೂಡಿನಲ್ಲಿ ಬೈಬಲ್ಲು. ಅಪ್ಪ ಸಂತೆಗೆ ಹೋದಾಗಲೂ ಆ ಕುರ್ಚಿಯ ಮೇಲೆ ಬೇರೆ ಯಾರೂ ಕೂರುವಂತಿರಲಿಲ್ಲ. ಅಪ್ಪ ನಮ್ಮ ಸಭೆಯ ಹಿರಿಯ. ಸಭೆ ಎಂದರೆ ಏನೋ ದೊಡ್ಡದೆಂದು ತಿಳಿಯಬಾರದು. ಹೆಂಚು ಹೊದಿಸಿದ ಒಂದು ಕೋಣೆ, ಬೆರಳಲ್ಲಿ ಎಣಿಸಿ ಮುಗಿಸಬಹುದಾದಷ್ಟು ಮನೆಗಳು. ದೀಕ್ಷೆಯಾದ ಪಾದ್ರಿ, ನಮ್ಮ ಬಾಯಲ್ಲಿ ಅಯ್ಯನವರು, ಹಬ್ಬಕ್ಕೆ, ಮದುವೆಗೆ, ಸಾವಿಗೆ ಜಮಖಂಡಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಅಪ್ಪನದೇ ಕಾರುಬಾರು. ಈಸ್ಟರ್ ದಿನ ರೊಟ್ಟಿ ಮುರಿದು ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಯಾರು ಯೋಗ್ಯರು ಎಂದು ಪಟ್ಟಿ ಬರೆಯುವ ಅಧಿಕಾರವೂ ಹಿರಿಯನದೇ. ಯಾರು ಕುಡಿದಿದ್ದರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲವೂ ಅವನಿಗೆ ಗೊತ್ತಿರುತ್ತಿತ್ತು. ಪಟ್ಟಿ ಬರೆಯಲು ಪೆನ್ನು ಹಿಡಿದಾಗ ಅಪ್ಪನ ಮುಖಕ್ಕೆ ಬರುತ್ತಿದ್ದ ಕಳೆ ನಾವು ಮಕ್ಕಳು ಹುಟ್ಟಿದಾಗಲೂ ಬಂದಿರಲಿಕ್ಕಿಲ್ಲ.

ಇನ್ನು ಆ ತಪ್ಪು. ನನಗೆ ಮೂರು ವರ್ಷವಿದ್ದಾಗ ಜ್ವರ ಬಂದು ಇಳಿಯಲೇ ಇಲ್ಲವಂತೆ. ಡಾಕ್ಟರ ಗುಳಿಗೆಯೂ ಆಯಿತು, ಅಪ್ಪನ ಪ್ರಾರ್ಥನೆಯೂ ಆಯಿತು. ಅಪ್ಪ ಯಾವುದೋ ಕೂಟಕ್ಕೆ ಮುಧೋಳಕ್ಕೆ ಹೋಗಿದ್ದ ದಿನ ರೂತತ್ತೆ ನನ್ನನ್ನು ಸೊಂಟಕ್ಕೆ ಹಾಕಿಕೊಂಡು, ಪಕ್ಕದ ಮನೆಯ ಗಂಗವ್ವನ ಜೊತೆ ದ್ಯಾಮವ್ವನ ಗುಡಿಗೆ ಹೋದಳು. ಪೂಜಾರಿ ಕೊಟ್ಟ, ಅರಿಶಿನ ಹಚ್ಚಿದ ಕೆಂಪು ದಾರವನ್ನು ನನ್ನ ಕೈಗೆ ಕಟ್ಟಿಸಿಕೊಂಡು ಬಂದಳು. ಜ್ವರ ಇಳಿಯಿತು. ಯಾವುದರಿಂದ ಇಳಿಯಿತೆಂದು ಆಗ ನನ್ನನ್ನು ಕೇಳಿದವರಿಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು, ಈಗ ಕೇಳಿದರೆ ಗುಳಿಗೆಯಿಂದ ಎನ್ನುತ್ತೇನೆ. ಅಪ್ಪ ಬಂದವನೇ ದಾರ ನೋಡಿದ, ಕತ್ತರಿ ತಂದು ಕತ್ತರಿಸಿದ. ಕತ್ತರಿಸಿ ಒಲೆಗೆ ಹಾಕಿದ್ದರೆ ನನಗೆ ಇದನ್ನೆಲ್ಲ ಬರೆಯುವ ಕೆಲಸ ಇರುತ್ತಿರಲಿಲ್ಲ. ಅದನ್ನು ಮಡಿಸಿ ಬೈಬಲ್ಲಿನ ನಡುವೆ ಇಟ್ಟುಕೊಂಡ.

ಅಂದಿನಿಂದ ಈಸ್ಟರ್ ಬೆಳಗಿನ ಕ್ರಮ ಒಂದೇ. ನಸುಕಿನಲ್ಲಿ ಸ್ಮಶಾನಕ್ಕೆ ಹೋಗಿ ಅಜ್ಜ ಅಜ್ಜಿಯ ಗೋರಿಗೆ ಮೇಣದಬತ್ತಿ ಹಚ್ಚಿ, ಹಾಡಿ, ಬೆಳಕು ಹರಿಯುವ ಹೊತ್ತಿಗೆ ಮನೆಗೆ ಬರುವುದು. ಉಪವಾಸ ಕಾಲದ ನಲವತ್ತು ದಿನ ರೊಟ್ಟಿ, ಖಾರದ ಹಿಂಡಿ, ನೀರು ಮಜ್ಜಿಗೆಯಲ್ಲಿ ಕಳೆದ ಮೇಲೆ ಅಡುಗೆಮನೆಯಲ್ಲಿ ಕೋಳಿ ಬೇಯುತ್ತಿರುತ್ತದೆ. ಆದರೆ ಮುಟ್ಟುವಂತಿಲ್ಲ, ಮೊದಲು ಕುರ್ಚಿ. ಒಬ್ಬೊಬ್ಬರೇ ಅಪ್ಪನ ಮುಂದೆ ನಿಂತು ಆ ವರ್ಷದ ತಪ್ಪು ಹೇಳಬೇಕು. ಅವ್ವ ಪ್ರತಿ ವರ್ಷವೂ ಸಿಟ್ಟು ಮಾಡಿಕೊಂಡೆ ಎನ್ನುತ್ತಿದ್ದಳು. ಯಾರ ಮೇಲೆ ಎಂದು ಅಪ್ಪ ಒಮ್ಮೆಯೂ ಕೇಳಲಿಲ್ಲ. ತಮ್ಮ ಇನ್ನೂ ಸಣ್ಣವನು, ಅವನಿಗೆ ತಪ್ಪು ಹೇಳುವ ವಯಸ್ಸಾಗಿರಲಿಲ್ಲ. ನಾನು ಬೆಲ್ಲ ಕದ್ದೆ ಎನ್ನುತ್ತಿದ್ದೆ. ಕದಿಯದ ವರ್ಷವೂ ಅದನ್ನೇ ಹೇಳಿದೆ, ಏಕೆಂದರೆ ತಪ್ಪಿಲ್ಲ ಎಂದರೆ ವಿಚಾರಣೆ ಉದ್ದವಾಗಿ ಕೋಳಿ ತಡವಾಗುತ್ತಿತ್ತು. ಕೊನೆಗೆ ರೂತತ್ತೆಯ ಸರದಿ. ಅಪ್ಪ ಬೈಬಲ್ಲು ಬಿಚ್ಚಿ, ಸತ್ತ ಹಲ್ಲಿಯನ್ನು ಎತ್ತುವ ಹಾಗೆ, ಎರಡು ಬೆರಳಲ್ಲಿ ಆ ದಾರವನ್ನು ಎತ್ತಿ ಹಿಡಿಯುತ್ತಿದ್ದ.

“ಇದು ಏನು?”

“ದಾರ.”

“ಯಾರು ಕಟ್ಟಿಸಿದ್ದು?”

“ನಾನ ಅಣ್ಣಾ. ತಪ್ಪಾತು.”

“ಕರ್ತನ ಹೆಸರಲೆ ನಿನ್ನ ಕ್ಷಮಾ ಮಾಡೇನಿ. ಹೋಗು.”

ಹೀಗೆಂದು ದಾರವನ್ನು ಮತ್ತೆ ಬೈಬಲ್ಲಿನೊಳಗೆ ಜೋಪಾನವಾಗಿ ಇಡುತ್ತಿದ್ದ, ಬರುವ ವರ್ಷಕ್ಕೆ ಬೇಕಲ್ಲ. ಕ್ಷಮಿಸಿದ್ದಾಯಿತು, ಇನ್ನು ಅವಳನ್ನೂ ಕರ್ತನ ಭೋಜನಕ್ಕೆ ಕರೆಯುತ್ತಾನೆ ಎಂದರೆ ಅದೂ ಇಲ್ಲ. ಹತ್ತು ಗಂಟೆಯ ಆರಾಧನೆಯಲ್ಲಿ ಪಟ್ಟಿಯ ಹೆಸರುಗಳನ್ನು ಓದಿದಾಗ ಅವಳ ಹೆಸರು ಇರುತ್ತಿರಲಿಲ್ಲ. ಎಲ್ಲರೂ ಎದ್ದು ಮುಂದೆ ಹೋಗುವಾಗ ಅವಳು ಬಾಗಿಲ ಬಳಿ ಕೂತು ಅವರ ಕೂಸುಗಳನ್ನು ಹಿಡಿದುಕೊಳ್ಳುತ್ತಿದ್ದಳು. ಅವ್ವ ಒಮ್ಮೆ ಧೈರ್ಯ ಮಾಡಿ ಕೇಳಿದ್ದಕ್ಕೆ, ಅವಳ ಪಶ್ಚಾತ್ತಾಪ ಇನ್ನೂ ಮಾಗಿಲ್ಲ ಎಂದಿದ್ದ. ಹಣ್ಣಾಗಲೆಂದು ಹುಲ್ಲಿನಲ್ಲಿಟ್ಟ ಮಾವಿನಕಾಯಿಯ ಮಾತಾಡಿದ ಹಾಗಿತ್ತು. ಅವಳನ್ನು ನೋಡಲು ಬಂದ ಎರಡು ಸಂಬಂಧಗಳೂ ಆ ದಾರದಿಂದಲೇ ತಪ್ಪಿಹೋದವು. ಅಪ್ಪ ಸತ್ಯವಂತನಲ್ಲವೇ, ಬಂದವರಿಗೆ ಚಹ ಕೊಡುವ ಮೊದಲೇ ಅದನ್ನು ಹೇಳಿಬಿಡುತ್ತಿದ್ದ. ರೂತತ್ತೆ ಮದುವೆಗಾಗಿ ಅತ್ತದ್ದನ್ನು ನಾನು ಕಂಡಿಲ್ಲ. ಆ ತುತ್ತು ರೊಟ್ಟಿಗಾಗಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಎಸೆಯುತ್ತ ಎಸೆಯುತ್ತ ಅತ್ತದ್ದನ್ನು ಕಂಡಿದ್ದೇನೆ.

ನನಗೆ ಹತ್ತು ವರ್ಷವಾದ ಆ ಈಸ್ಟರಿಗೆ ಅಯ್ಯನವರು ಶನಿವಾರವೇ ಬಂದು ನಮ್ಮ ಮನೆಯಲ್ಲಿ ಉಳಿಯುವವರಿದ್ದರು. ಅಪ್ಪನ ಸಂಭ್ರಮ ಹೇಳತೀರದು. ತನ್ನ ಕುರ್ಚಿಯ ಕಾರ್ಯಕ್ರಮವನ್ನು ಅಯ್ಯನವರೇ ನೋಡುವ ಭಾಗ್ಯ! ಗುರುವಾರ ರೂತತ್ತೆ ರಾಟೆಯ ಮುಂದೆ ಕೂತು, ಸೀರೆಯ ಅಂಚಿಗೆ ಬೇಕಾದ ಕೆಂಪು ನೂಲನ್ನು ಲಾಳಿಯೊಳಗಿನ ಕಂಡಿಕೆಗೆ ಸುತ್ತುತ್ತಿದ್ದಳು. ನಾನು ನೂಲಿನ ಲಡಿ ಬಿಡಿಸಿ ಕೊಡುತ್ತಿದ್ದೆ.

“ಸುಗುಣಾ, ಈ ಸಲ ಅಯ್ಯನೋರು ಮನ್ಯಾಗ ಇರತಾರ. ನಾ ಅವರನ್ನ ಕೇಳಾಕಿ ಅದೇನಿ.”

“ಏನ್ ಕೇಳತಿ ಅತ್ತಿ?”

“ನನಗೂ ಒಂದ್ ತುತ್ತು ಕೊಡ್ರಿ ಅಂತ.”

“ಅಪ್ಪಾ ದಾರ ತೋರಸ್ತಾನ.”

“ತೋರಸ್ತಾನ,” ಎಂದು ನಕ್ಕಳು. “ಅದರ ಮುಂದ ನನ್ನ ಮಾತು ಎಲ್ಲಿ ನಡೀತೈತಿ, ಬಿಡು.”

ಹತ್ತು ವರ್ಷದ ತಲೆಗೆ ಲೆಕ್ಕ ಸರಳವಾಗಿತ್ತು. ದಾರವಿಲ್ಲದಿದ್ದರೆ ತಪ್ಪಿಲ್ಲ, ತಪ್ಪಿಲ್ಲದಿದ್ದರೆ ತುತ್ತು ಉಂಟು. ಶುಭ ಶುಕ್ರವಾರ ಮೂರು ತಾಸಿನ ಆರಾಧನೆ ಮುಗಿಸಿ, ಅಂಬಲಿ ಕುಡಿದು, ಲೋಕದ ಪಾಪದ ಭಾರವನ್ನೆಲ್ಲ ತಾನೇ ಹೊತ್ತವನಂತೆ ಅಪ್ಪ ಗೊರಕೆ ಹೊಡೆಯುತ್ತಿದ್ದಾಗ ನಾನು ಗೂಡಿನ ಬೈಬಲ್ಲಿನಿಂದ ದಾರವನ್ನು ತೆಗೆದು ಲಂಗದ ಪಟ್ಟಿಯಲ್ಲಿ ಸಿಕ್ಕಿಸಿಕೊಂಡೆ. ಕೈ ನಡುಗಲಿಲ್ಲ. ಬೆಲ್ಲ ಕದಿಯುವಾಗ ನಡುಗುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಶುಭ ಶುಕ್ರವಾರದೊಳಗೆ ಮಗ್ಗದ ಮೇಲಿನ ಸೀರೆ ಮುಗಿಸಿ ಇಳಿಸಬೇಕು. ಶನಿವಾರ ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಕೂಡಿಸಬೇಕು. ಹಬ್ಬ ಮುಗಿಸಿ ಸೋಮವಾರ ಹೊಸ ಸೀರೆ ಹಿಡಿಯಬೇಕು. ಕೂಡಿಸುವುದೆಂದರೆ ಮಗ್ಗದಲ್ಲಿ ಉಳಿಸಿಕೊಂಡ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದಾಗಿ ಹೊಸೆಯುವುದು. ಸಾವಿರಾರು ಎಳೆ. ಅವ್ವ, ಅತ್ತೆ ಬೆಳಗ್ಗೆ ಬಗ್ಗಿ ಕೂತರೆ ಸಂಜೆಗೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಅಪ್ಪ ಇದನ್ನು ಪ್ರತಿ ಈಸ್ಟರಿಗೆ ಪ್ರಸಂಗದಲ್ಲಿ ಹೊಸ ಜೀವಕ್ಕೆ ದೃಷ್ಟಾಂತವಾಗಿ ಹೇಳುತ್ತಿದ್ದ, ಕೇಳಿದವರು ತಲೆದೂಗುತ್ತಿದ್ದರು. ಒಂದೇ ಒಂದು ಎಳೆಯನ್ನು ಆತ ಹೊಸೆದದ್ದಿಲ್ಲ.

ಆ ಶನಿವಾರ ಮಧ್ಯಾಹ್ನ ಹೆಂಗಸರಿಬ್ಬರೂ ಹಿತ್ತಲಲ್ಲಿ ಉಣ್ಣಲು ಕೂತಿದ್ದರು. ಅಯ್ಯನವರು ಇನ್ನೂ ಬಂದಿರಲಿಲ್ಲ. ನಾನು ಪಡಸಾಲೆಯಲ್ಲಿ, ನಡುಮನೆ ಕಾಣುವಂತೆ, ನೂಲಿನ ಬುಟ್ಟಿಗಳ ಹಿಂದೆ ಮಲಗಿದ್ದೆ. ಅಪ್ಪ ಪ್ರಸಂಗ ಬರೆಯಲು ಬೈಬಲ್ಲು ತೆಗೆದ. ಪುಟ ತಿರುವಿದ, ಮತ್ತೆ ತಿರುವಿದ, ಪುಸ್ತಕವನ್ನು ಬೋರಲು ಮಾಡಿ ಜಾಡಿಸಿದ. ಗೂಡಿನೊಳಗೆ ಕೈಯಾಡಿಸಿದ. ಈಗ ಕೂಗುತ್ತಾನೆ, ಈಗ ಎಲ್ಲರನ್ನೂ ಕರೆಯುತ್ತಾನೆ ಎಂದುಕೊಂಡೆ. ಆತ ಕೂಗಲಿಲ್ಲ. ಕೂಗಿ ಏನೆಂದು ಕೇಳುತ್ತಾನೆ, ಏಳು ವರ್ಷದಿಂದ ಕ್ಷಮಿಸುತ್ತ ಬಂದ ತಪ್ಪು ಕಳೆದುಹೋಗಿದೆ, ಹುಡುಕಿಕೊಡಿ ಎಂದೇ? ಬೈಬಲ್ಲನ್ನು ಕುರ್ಚಿಯ ಮೇಲಿಟ್ಟು ಪಡಸಾಲೆಗೆ ಬಂದು, ರೂತತ್ತೆ ಸುತ್ತಿಟ್ಟಿದ್ದ ಕೆಂಪು ಕಂಡಿಕೆಯಿಂದ ನೂಲು ಬಿಚ್ಚಿ ನಾಲ್ಕೆಳೆ ಕೂಡಿಸಿ ತೊಡೆಯ ಮೇಲೆ ಹೊಸೆದ. ಅಡುಗೆಮನೆಗೆ ಹೋಗಿ ಚಿಟಿಕೆ ಅರಿಶಿನ ತಂದ. ಹೆಂಗಸರು ಕೆನ್ನೆಗೆ ಅರಿಶಿನ ಹಚ್ಚಿದರೆ ಸೈತಾನನ ಗುರುತು ಎಂದು ಬೋಧಿಸುತ್ತಿದ್ದ ಹಿರಿಯರು, ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಉಗುಳು ಹಚ್ಚಿ, ದಾರಕ್ಕೆ ಅರಿಶಿನ ತಿಕ್ಕಿದರು. ಹಳೆಯದಾಗಿ ಕಾಣಲೆಂದು ನೆಲದ ಧೂಳಿನಲ್ಲಿ ಹೊರಳಿಸಿದರು. ಬೈಬಲ್ಲಿನಲ್ಲಿ ಇಟ್ಟು, ಕೈ ತೊಳೆದುಕೊಂಡು, ಪುನರುತ್ಥಾನದ ಪ್ರಸಂಗ ಬರೆಯಲು ಕೂತರು. ಅಂದು ನನಗೆ ಅಪ್ಪನ ಮೇಲೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ಬುಟ್ಟಿಯ ಹಿಂದೆ ಬಾಯಿಗೆ ಲಂಗ ತುರುಕಿಕೊಂಡು ಅತ್ತುಬಿಟ್ಟೆ.

ಮರುದಿನ ಬೆಳಗ್ಗೆ ಅಯ್ಯನವರಿಗೆಂದು ಗಂಗವ್ವನ ಮನೆಯಿಂದ ಸ್ಟೂಲು ತಂದಿದ್ದರು. ಕುರ್ಚಿಯನ್ನು ಬಿಟ್ಟುಕೊಡುವ ಮಾತೇ ಇಲ್ಲ. ಅಯ್ಯನವರು ಒಳ್ಳೆಯವರು, ಆದರೆ ನೆಗಡಿಯಾಗಿತ್ತು, ಮೇಲೆ ಕೋಳಿಯ ವಾಸನೆ ಬರುತ್ತಿತ್ತು. ಅವ್ವನ ಸಿಟ್ಟು ಆಯಿತು, ನನ್ನ ಬೆಲ್ಲ ಆಯಿತು. ರೂತತ್ತೆ ಬಂದು ನಿಂತಳು. ಅಯ್ಯನವರಿಗೆ ಚೆನ್ನಾಗಿ ಕಾಣಲೆಂದು ಅಪ್ಪ ಅಂದು ದಾರವನ್ನು ತಾನೇ ಎತ್ತಿ ಹಿಡಿಯುವ ಬದಲು ಅವಳ ಅಂಗೈಯಲ್ಲಿ ಹಾಕಿದ. ನೇಕಾರನಾದವನು ಮಾಡಬಾರದ ತಪ್ಪು ಅದು. ಅವಳು ತನಗರಿವಿಲ್ಲದೆಯೇ ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ಹೊರಳಿಸಿದಳು, ದಿನಕ್ಕೆ ಸಾವಿರ ಸಲ ಹೊರಳಿಸುವ ಬೆರಳು. ಹೊರಳಿಸಿ ನಿಂತುಬಿಟ್ಟಳು. ಗುರುವಾರ ತಾನೇ ಸುತ್ತಿದ ನೂಲು ಅದು.

“ಹೇಳು ಅಯ್ಯನೋರಿಗೆ. ಇದು ಏನು?”

ಅವಳು ತಲೆಯೆತ್ತಿ ಅಪ್ಪನನ್ನು ನೋಡಿದಳು. ಅಪ್ಪ ಬಿಚ್ಚಿದ ಬೈಬಲ್ಲಿನತ್ತ ಕಣ್ಣು ತಿರುಗಿಸಿದ. ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೇಳು ಅತ್ತಿ, ಹೇಳು, ಎಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ಒಂದು ಮಾತು ಸಾಕಿತ್ತು. ಅಯ್ಯನವರು ಎದುರಿಗಿದ್ದರು, ಅಪ್ಪನ ಹಿರಿತನ, ಕುರ್ಚಿ, ಪಟ್ಟಿ, ಎಲ್ಲ ಅವಳ ಆ ಎರಡು ಬೆರಳ ನಡುವೆ ಇತ್ತು.

“ದಾರ್ರೀ ಅಯ್ಯನೋರ,” ಎಂದಳು. “ಈ ಕೂಸಿಗೆ ಜ್ವರ ಬಂದಾಗ ನಾನ ಕಟ್ಟಿಸಿದ್ದು. ತಪ್ಪಾತ್ರಿ.”

ಕೇಳಬೇಕೆಂದಿದ್ದ ತುತ್ತನ್ನು ಕೇಳಲೇ ಇಲ್ಲ. ದಾರವನ್ನು ಮಡಿಸಿ ಅಪ್ಪನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮುಚ್ಚಿದಳು.

“ತಗೋ ಅಣ್ಣಾ. ಏಳ್ರಿ ಎಲ್ಲಾರೂ, ಕೋಳಿ ಆರತೈತಿ.”

ಅಪ್ಪ ‘ಕ್ಷಮಾ ಮಾಡೇನಿ’ ಅನ್ನಲಿಲ್ಲ. ಮುಷ್ಟಿ ಬಿಚ್ಚದೆ ಕುರ್ಚಿಯಿಂದ ಎದ್ದ. ಅಯ್ಯನವರು ಆಮೆನ್ ಎಂದು ಸೀನಿದರು. ಹತ್ತು ಗಂಟೆಗೆ ಆರಾಧನೆಯಲ್ಲಿ ಅಪ್ಪ ಪಟ್ಟಿ ಓದಿದ. ಎಲ್ಲ ಹೆಸರೂ ಮುಗಿದ ಮೇಲೆ ಕಾಗದ ಮಡಿಸಿದ, ಮಡಿಸಿದ್ದನ್ನು ಹಿಡಿದುಕೊಂಡು ನಿಂತ, ಆಮೇಲೆ ಕಾಗದ ನೋಡದೆ ‘ರೂತ’ ಎಂದ. ಬಾಗಿಲ ಬಳಿ ಯಾರದೋ ಕೂಸನ್ನು ಹಿಡಿದುಕೊಂಡಿದ್ದ ಅತ್ತೆ ಎದ್ದು ನಿಂತಳು. ಕೂಸನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಸುತ್ತ ನೋಡಿದಳು, ನಾನು ಓಡಿಹೋಗಿ ಎತ್ತಿಕೊಂಡೆ. ಹಾಸು ಹೊಸೆದ ಬೂದಿ ಇನ್ನೂ ಉಗುರ ಸಂದಿಯಲ್ಲಿದ್ದ ಕೈಯನ್ನು ಅವಳು ಮುಂದೆ ಚಾಚಿದಳು. ಅಪ್ಪ ಮಾತ್ರ ಭೋಜನಕ್ಕೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಪಕ್ಕದವರಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ಬೆಳಗ್ಗೆ ಮುಟ್ಟದೆ ಬಿಟ್ಟ ಕೋಳಿಯನ್ನು ಮಧ್ಯಾಹ್ನ ಎರಡು ಸಲ ಹಾಕಿಸಿಕೊಂಡಾಗ ಅದೇ ಹೊಟ್ಟೆ ಸರಿಹೋಗಿತ್ತು.

ಆರಾಧನೆಯಿಂದ ಮನೆಗೆ ಬರುವಾಗ ನಾನು ಅತ್ತೆಯ ಸೆರಗು ಹಿಡಿದು ಜಗ್ಗಿದೆ.

“ಅತ್ತಿ, ಅದು ಖೊಟ್ಟಿ ದಾರ. ಅಪ್ಪಾ ಮಾಡೂದು ನಾ ನೋಡೇನಿ.”

“ನನಗೂ ಗೊತ್ತೈತಿ, ನಡಿ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಅಂವಾ ಎಲ್ಲಿ ಕುಂದರತಿದ್ದ?”

ಕುರ್ಚಿಯೇ ಇದೆಯಲ್ಲ ಎಂದುಕೊಂಡೆ, ಅವಳ ಮೇಲೂ ತಾತ್ಸಾರ ಬಂತು. ಬೆನ್ನುಮೂಳೆ ಇಲ್ಲದವಳು ಎನಿಸಿತು. ಕದ್ದ ದಾರದ ಸುದ್ದಿಯನ್ನು ಅವಳಿಗೆ ಹೇಳಲಿಲ್ಲ. ಮುಂದಿನ ಈಸ್ಟರುಗಳಲ್ಲಿ ಬೈಬಲ್ಲಿನಿಂದ ದಾರ ಹೊರಗೆ ಬರಲಿಲ್ಲ, ಪಟ್ಟಿಯಲ್ಲಿ ಅತ್ತೆಯ ಹೆಸರು ತಪ್ಪಲಿಲ್ಲ. ಅಪ್ಪ ಮಾತ್ರ ಅಪ್ಪನಾಗಿಯೇ ಉಳಿದ. ಪಟ್ಟಿ ಬರೆದ, ಪ್ರಸಂಗ ಮಾಡಿದ, ಬೇರೆಯವರ ಮಾಗದ ಪಶ್ಚಾತ್ತಾಪಗಳನ್ನು ಒತ್ತಿ ನೋಡಿದ. ನಾನು ಕಾದೆ. ಒಂದು ಸಲ, ಒಂದೇ ಸಲ, ಆ ಬಾಯಿಂದ ‘ತಪ್ಪಾತು’ ಎಂಬ ಮಾತು ಬರಲಿ ಎಂದು ಕಾದೆ. ಬಾಗಲಕೋಟೆಯ ಆಸ್ಪತ್ರೆಯಲ್ಲಿ ನರ್ಸಾದ ಮೇಲೂ ಊರಿಗೆ ಬಂದಾಗಲೆಲ್ಲ ಅವನ ಮುಖ ನೋಡುತ್ತಿದ್ದೆ. ಕೊನೆಗಾಲದಲ್ಲಿ ಅವನಿಗೆ ಗಂಜಿ ಕುಡಿಸಿದವಳು, ಮೈ ಒರೆಸಿದವಳು ರೂತತ್ತೆ. ಕ್ಷಮೆ ಕೇಳದೆಯೇ ಅಪ್ಪ ಸತ್ತ. ಮಣ್ಣಿನಲ್ಲಿ ಇಡುವಾಗ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ನಾನು ಹಾಕಲಿಲ್ಲ. ನಿಜವಾದ ದಾರ ಅಷ್ಟು ವರ್ಷವೂ ನನ್ನ ಬಳಿ ಇತ್ತು, ನರ್ಸಿಂಗ್ ಸರ್ಟಿಫಿಕೇಟಿನ ಜೊತೆ ಒಂದು ತಗಡಿನ ಡಬ್ಬಿಯಲ್ಲಿ.

ಈ ವರ್ಷದ ಈಸ್ಟರಿಗೆ ಬನಹಟ್ಟಿಗೆ ಹೋಗಿದ್ದೆ. ಕುಣಿಮಗ್ಗಗಳನ್ನು ಮುಚ್ಚಿ ನನ್ನ ತಮ್ಮ ಪಾವರ್‌ಲೂಮು ಹಾಕಿಸಿದ್ದಾನೆ. ಹಬ್ಬಕ್ಕೆಂದು ಅದು ನಿಂತದ್ದರಿಂದ ಮನೆಯಲ್ಲಿ ಮಾತು ಕೇಳಿಸುತ್ತಿತ್ತು. ಆ ಕುರ್ಚಿಯ ಮೇಲೆ ತಮ್ಮನ ಮೊಮ್ಮಗ ಹತ್ತಿ ಕೂತು ಮೊಬೈಲು ನೋಡುತ್ತಿದ್ದ. ಎಂಬತ್ತು ದಾಟಿದ ರೂತತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ನನಗೆ ಕಟ್ಟಿಕೊಡಲೆಂದು ಶೇಂಗಾ ಹೋಳಿಗೆ ಎಣಿಸುತ್ತಿದ್ದಳು. ನಾನು ಡಬ್ಬಿ ತೆರೆದು ದಾರವನ್ನು ಅವಳ ಕೈಗೆ ಕೊಟ್ಟೆ. ಇವತ್ತಾದರೂ ಅವಳ ಬಾಯಿಂದ ಅಪ್ಪನ ಬಗ್ಗೆ ಒಂದು ಕೆಟ್ಟ ಮಾತು ಕೇಳಿಯೇ ಹೋಗಬೇಕೆಂದು ನಿಶ್ಚಯಿಸಿಕೊಂಡು ಬಂದಿದ್ದೆ. ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದಳು.

“ದ್ಯಾಮವ್ವನ ಗುಡೀದು,” ಎಂದಳು. “ನಿನ್ನ ಕಡೆ ಇತ್ತೇನಿದು?”

“ನಾನ ಕದ್ದಿದ್ದೆ ಅತ್ತಿ. ಅಪ್ಪಂದು ಖೊಟ್ಟಿ ಅನ್ನಾಕ ಇದ ಸಾಕ್ಷಿ.”

“ಇಷ್ಟ ವರ್ಷ ಜ್ವಾಕಿ ಮಾಡಿ ಇಟ್ಟಿ?” ಅವಳು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. “ಖರೇ ನಿಮ್ಮಪ್ಪನ ಮಗಳು ಬೇ ನೀ.”

ಅರವತ್ತು ದಾಟಿದವಳು ಹತ್ತು ವರ್ಷದವಳ ಹಾಗೆ ದನಿ ಏರಿಸಿದೆ.

“ಅಂವಾ ಒಮ್ಮೆರೆ ತಪ್ಪಾತು ಅಂದಾನೇನ್ ನಿನಗ?”

“ಇಲ್ಲ.”

“ಮತ್ತ?”

“ಮತ್ತೇನ್? ಅಂದಿದ್ರ ಅವಂಗ ಛಲೋ ಆಗತಿತ್ತು. ಅಂವಾ ಅನ್ನೂ ತನಕಾ ನಾ ಉಪಾಸ ಕುಂದರಲೇನ? ನೀ ಕುಂತಿ ನೋಡು.”

ಇಷ್ಟು ಹೇಳಿ ಹೋಳಿಗೆಯನ್ನು ಪೇಪರಿನಲ್ಲಿ ಸುತ್ತಿದಳು. ಕಟ್ಟಲು ಏನಾದರೂ ಬೇಕಿತ್ತು, ಕೈಯಲ್ಲಿ ದಾರವಿತ್ತು. ಎರಡು ಸುತ್ತು ಸುತ್ತಿ ಗಂಟು ಹಾಕಿ ಪೊಟ್ಟಣವನ್ನು ನನ್ನ ಚೀಲದಲ್ಲಿಟ್ಟಳು. ಬಾಗಲಕೋಟೆಯ ಬಸ್ಸಿಗೆ ತಡವಾಗುತ್ತದೆ ಎಂದು ತಮ್ಮ ಹೊರಗಿನಿಂದ ಕೂಗುತ್ತಿದ್ದ.

ಮಹಾಲಿಂಗಪುರ ದಾಟುವವರೆಗೆ ಅತ್ತೆಯನ್ನು ಬೈದುಕೊಂಡೆ, ಮುಧೋಳ ದಾಟುವವರೆಗೆ ಅಪ್ಪನನ್ನು. ಲೋಕಾಪುರದಲ್ಲಿ ಬಸ್ಸು ನಿಂತಾಗ ಹಸಿವಾಗಿತ್ತು. ಗಂಟು ಬಿಚ್ಚಿ, ದಾರವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಹೋಳಿಗೆ ತಿಂದೆ, ಪಕ್ಕದ ಸೀಟಿನ ಕಾಲೇಜು ಹುಡುಗಿಗೆ ಒಂದು ಕೊಟ್ಟೆ. ಬಸ್ಸು ಹೊರಟ ಮೇಲೆ ನೋಡಿದರೆ ತೊಡೆಯ ಮೇಲೆ ದಾರವಿಲ್ಲ. ಸೆರಗು ಜಾಡಿಸಿದೆ, ಚೀಲ ಬೋರಲು ಮಾಡಿದೆ. ಆಮೇಲೆ, ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟುಕೊಂಡು, ಓಡುವ ಬಸ್ಸಿನಲ್ಲಿ ಮೊಳಕಾಲೂರಿ ಸೀಟಿನ ಕೆಳಗೆ ಕೈಯಾಡಿಸತೊಡಗಿದೆ. ಗೂಡಿನೊಳಗೆ ಕೈಯಾಡಿಸುತ್ತಿದ್ದ ಅಪ್ಪನ ಬೆನ್ನು ಕಣ್ಣಿಗೆ ಕಟ್ಟಿತು, ಆದರೂ ಹುಡುಕುವುದನ್ನು ಬಿಡಲಿಲ್ಲ.

“ಏನ್ ಕಳಕೊಂಡ್ರಿ ಆಯಿ? ಬಂಗಾರದ್ದೇನ್ರಿ?” ಎಂದು ಆ ಹುಡುಗಿ ಮೊಬೈಲಿನ ಬೆಳಕು ಹಿಡಿದಳು. ಶೇಂಗಾ ಸಿಪ್ಪೆ, ಟಿಕೇಟಿನ ಚೂರುಗಳ ನಡುವೆ ಅದು ಬಿದ್ದಿತ್ತು. ಅವಳು ಎರಡು ಬೆರಳಲ್ಲಿ ಎತ್ತಿ ನೋಡಿದಳು.

“ಇದು ಏನ್ರಿ?”

“ದಾರ.”

“ಬೇಕೇನ್ರಿ?”

ನನ್ನ ಬಾಯಿಂದ ‘ಬ್ಯಾಡವಾ’ ಎಂಬ ಮಾತು ಹೊರಡಲು ಎಷ್ಟು ಹೊತ್ತು ಹಿಡಿಯಿತೆಂದರೆ ಅವಳು ಎರಡನೆಯ ಸಲ ಕೇಳಬೇಕಾಯಿತು. ಅವಳು ಅದನ್ನು ಕಿಟಕಿಯಿಂದ ಹೊರಗೆ ಬಿಟ್ಟು ನನ್ನ ಕಡೆ ಕೈ ಚಾಚಿದಳು. ಆ ಕೈ ಹಿಡಿದುಕೊಂಡು ಎದ್ದೆ.